ಹೆದರಬೇಕಾದದ್ದು ತಾಟೆಗಲ್ಲ, ತೆರೆಗೆ



ಪರೀಕ್ಷೆ ಮುಗಿದರೆ ಸಾಕು, ನಮ್ಮ ಬಿಳಗಿ ಸೀಮೆಯ ಮಕ್ಕಳು ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರದ ಕಡಲಿಗೆ ಹೊರಡುತ್ತಾರೆ. ಮೊಬೈಲಿನಲ್ಲಿ ಬಾಯ್ದೆರೆದು ನುಗ್ಗುವ ಬಿಳಿ ಶಾರ್ಕ್ ಕಂಡವರು ‘ಅದು ನಮ್ಮನ್ನೂ ತಿನ್ನುತ್ತದಾ?’ ಎಂದು ಕೇಳುತ್ತಾರೆ. ನಕ್ಕು ಸುಮ್ಮನಾಗಬೇಡಿ, ಇನ್ನಷ್ಟು ಹೆದರಿಸಲೂಬೇಡಿ. ನಿಜ ಹೇಳಿ.

ದೊಡ್ಡ ಬಿಳಿ ಶಾರ್ಕ್ ಹೆಚ್ಚಾಗಿ ಇರುವುದು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಕ್ಯಾಲಿಫೋರ್ನಿಯದಂಥ ಕಡೆಯ ತಂಪು ನೀರಿನಲ್ಲಿ. ಬೆಳೆದ ಹೆಣ್ಣು ಹದಿನೈದು ಹದಿನಾರು ಅಡಿ ಇರುತ್ತದೆ, ಅಪರೂಪಕ್ಕೆ 20 ಅಡಿಯೂ ಆಗುತ್ತದೆ. ದೊಡ್ಡದಾದ ಮೇಲೆ ಅದರ ಮುಖ್ಯ ಬೇಟೆ ಸೀಲ್‌ನಂಥ ಪ್ರಾಣಿಗಳೇ ಹೊರತು ಮನುಷ್ಯರಲ್ಲ. ಎಲ್ಲ ಜಾತಿಯ ಶಾರ್ಕುಗಳನ್ನು ಸೇರಿಸಿದರೂ, ಕೆಣಕದೆ ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 65. ಸಾಯುವವರು ಐದಾರು ಜನ. 1975ರಲ್ಲಿ ‘ಜಾಸ್’ ಸಿನಿಮಾ ಲೋಕವನ್ನೆಲ್ಲ ಬೆದರಿಸಿತು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿಯೇ ಮುಂದೆ ಶಾರ್ಕುಗಳನ್ನು ಉಳಿಸಿ ಎಂದು ಊರೂರು ಸಾರಿದರು.

ನಮ್ಮ ಕಡಲಲ್ಲೂ ಶಾರ್ಕುಗಳಿವೆ. ಕನ್ನಡದಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ. ನೇತ್ರಾಣಿ ದ್ವೀಪದ ಹವಳದ ಬಂಡೆಗಳ ನಡುವೆ ಈಜುವ ಕಪ್ಪುತುದಿ ರೆಕ್ಕೆಯ ತಾಟೆ ಮನುಷ್ಯನನ್ನು ಕಂಡರೆ ದೂರ ಸರಿಯುತ್ತದೆ. ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ತಿಮಿಂಗಿಲ ಶಾರ್ಕ್ ಲೋಕದಲ್ಲೇ ಅತಿ ದೊಡ್ಡ ಮೀನು. ನಲವತ್ತು ಅಡಿಗೂ ಮೀರಿ ಬೆಳೆಯುವ ಅದು ತಿನ್ನುವುದು ನೀರಲ್ಲಿ ತೇಲುವ ಸಣ್ಣಪುಟ್ಟ ಜೀವಿಗಳನ್ನು. 2001ರಿಂದ ಅದಕ್ಕೆ ಹುಲಿಗಿರುವಷ್ಟೇ ಕಾನೂನಿನ ರಕ್ಷಣೆ ಇದೆ.

ಕೊಲ್ಲುವುದು ತೆರೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಮುರ್ಡೇಶ್ವರದ ಕಡಲು ಸೆಳೆದುಕೊಂಡಿತು. ಎಂಥ ಮಕ್ಕಳು, ಎಷ್ಟು ಆಸೆಯಿಂದ ಬಂದಿದ್ದರೋ. ಕೆರೆಯಲ್ಲಿ, ಹೊಳೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲೂ ಹಾಗೇ ಎಂಬ ಧೈರ್ಯವಿರುತ್ತದೆ. ಕಾಲ ಕೆಳಗಿನ ಮರಳನ್ನೇ ಎಳೆದೊಯ್ಯುವ ಸೆಳೆತದ ಮುಂದೆ ಆ ಈಜು ನಡೆಯುವುದಿಲ್ಲ.

ಇನ್ನೊಂದು ಮಾತು ಮೀನು ತಿನ್ನುವ ಮನೆಗಳಿಗೆ. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಮರಿ ತಾಟೆ ಹುಡುಕಿ ತರುವ ರೂಢಿಯಿದೆ. ಪ್ರೀತಿಯಿಂದಲೇ ಮಾಡುತ್ತೀರಿ, ಬಲ್ಲೆ. ಆದರೆ ಶಾರ್ಕಿನ ಮಾಂಸದಲ್ಲಿ ಪಾದರಸ ಶೇಖರವಾಗುತ್ತದೆ. ಬಸುರಿಯರು, ಹಾಲೂಡಿಸುವ ತಾಯಂದಿರು ಅದನ್ನು ತಿನ್ನಬಾರದೆಂದು ಅಮೆರಿಕದ ಆಹಾರ ಇಲಾಖೆಯೇ ಹೇಳುತ್ತದೆ. ತಾಟೆಗಳು ಬೂತಾಯಿಯ ಹಾಗೆ ರಾಶಿ ರಾಶಿ ಮೊಟ್ಟೆಯಿಡುವ ಜಾತಿಯೂ ಅಲ್ಲ. ಹಲವು ಬಗೆಯವು ವರ್ಷಗಟ್ಟಲೆ ಬೆಳೆದ ಮೇಲೆ ಹಾಕುವುದು ಕೆಲವೇ ಮರಿ. ಆ ಮರಿಗಳನ್ನೇ ಬುಟ್ಟಿಗೆ ತುಂಬಿದರೆ ಸಂತತಿ ಉಳಿಯುವುದು ಹೇಗೆ?

ಮರಿ ತಾಟೆ ಮಾರಾಟಕ್ಕೆ ಬಂದರೆ ಬೇಡವೆನ್ನಿ, ಬಂಗುಡೆ ಬೂತಾಯಿ ಕೊಳ್ಳಿ. ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ತಂದೆತಾಯಂದಿರೇ, ಮಾಸ್ತರೇ, ಅಕ್ಕೋರೇ, ಕೆಂಪು ಬಾವುಟ ಕಂಡಲ್ಲಿ ಅವರನ್ನು ನೀರಿಗಿಳಿಸಬೇಡಿ. ಕಾವಲಿನವರು ಸೀಟಿ ಊದಿದರೆ ತಕ್ಷಣ ದಡಕ್ಕೆ ಕರೆಯಿರಿ.