ಪದವಿಯೂ ಕಸಬೂ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮುಂದೆ ಯಾವ ನೌಕರಿ? ಹುಡುಗನ ಮನಸ್ಸು ಯಾವ ಕೆಲಸದಲ್ಲಿ ನೆಟ್ಟಿದೆಯೆಂದು ವಿಚಾರಿಸುವವರು ವಿರಳ. ಹುಡುಗಿಯನ್ನಂತೂ ಕೇಳುವವರೇ ಇಲ್ಲ.

ಕೋಟದ ಶಿವರಾಮ ಕಾರಂತರು ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಬಳಿಕ ಖಾದಿ ಪ್ರಚಾರ ಮಾಡಿದರು, ‘ವಸಂತ’ವೆಂಬ ಪತ್ರಿಕೆಯನ್ನು ನಡೆಸಿದರು, ನಾಟಕವಾಡಿಸಿದರು, ಮೂಕಿ ಚಿತ್ರವನ್ನೂ ತೆಗೆದರು. ಇವುಗಳಲ್ಲಿ ಬಾಳದೆ ಹೋದುವೂ ಉಂಟು. ಲೋಕದ ಲೆಕ್ಕದಲ್ಲಿ ಅದು ಕೆಟ್ಟುಹೋದ ಕಾಲ. ಆದರೆ ಆ ಅಲೆದಾಟವೇ ಅವರ ವಿದ್ಯಾಭ್ಯಾಸವಾಯಿತೆಂದು ನಾವು ಬಗೆಯುತ್ತೇವೆ. ಹಳ್ಳಿಯ ಬಾಳನ್ನು ಕಣ್ಣಾರೆ ಕಂಡವರಿಂದಲೇ 1933ರಲ್ಲಿ ‘ಚೋಮನ ದುಡಿ’ ಹೊರಬಂದಿತು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಪದವಿ ಪಡೆಯದ ಅವರಿಗೆ ವಿಶ್ವವಿದ್ಯಾನಿಲಯಗಳೇ ಮುಂದೆ ಗೌರವ ಡಾಕ್ಟರೇಟನ್ನಿತ್ತುವು!

ಎಲ್ಲರೂ ಕಾರಂತರಾಗಬಲ್ಲರೇ ಎಂದು ಕೇಳುವವರುಂಟು. ಆಗಬೇಕಾದುದೂ ಇಲ್ಲ. ಮರಗೆಲಸದಲ್ಲಿ ಕೈಯೋಡುವ ತರುಣನು ಒಳ್ಳೆಯ ಬಡಗಿಯಾದರೆ ಸಾಕು. ವೈದ್ಯನಿಗೆ ಪದವಿ ಬೇಕೇ ಬೇಕು, ನಿಜ. ಆದರೆ ಲೆಕ್ಕ ಬರೆಯುವ ಗುಮಾಸ್ತನಿಗೂ ಅದನ್ನೇ ಕೇಳುವುದೇಕೆ? ಕೆಲಸ ಕೊಡುವವರು ಕಾಗದವನ್ನಲ್ಲ, ಕೈಯ ಕೆಲಸವನ್ನು ನೋಡತೊಡಗಿದರೆ ತಂದೆತಾಯಂದಿರ ಭಯವೂ ಅರ್ಧ ಇಳಿದೀತು. ಬಡವರ ಮನೆಯಲ್ಲಿ ಅಲೆದಾಟಕ್ಕೆ ಬಿಡುವಿಲ್ಲವೆಂಬುದನ್ನು ನಾವು ಬಲ್ಲೆವು. ಅಂತಹ ಮಕ್ಕಳಿಗೆ ಕಸಬು ಕಲಿಯುವ ಕಾಲದಲ್ಲಿ ಹೊಟ್ಟೆಗೆ ಸಾಲುವಷ್ಟು ವೇತನವನ್ನು ಸರ್ಕಾರವು ಒದಗಿಸಲಿ. ಉಳ್ಳವರ ಮನೆಗಳಲ್ಲಿ ಎರಡು ವರ್ಷಗಳ ಸಹನೆಯನ್ನಷ್ಟೇ ನಾವು ಬೇಡುತ್ತೇವೆ.