ಹೆರಿಗೆಯ ಭಯ ಕಳೆಯಲು ದುಬಾರಿ ತರಗತಿಯೇ ಬೇಕೆ?

ಮನೆಯಲ್ಲಿ ಚೊಚ್ಚಲು ಬಸುರಿ ಇದ್ದರೆ ಸಾಕು, ಬಂದವರೆಲ್ಲ ತಂತಮ್ಮ ಹೆರಿಗೆಯ ಕಥೆ ಬಿಚ್ಚುತ್ತಾರೆ. ಎರಡು ದಿನ ನೋವು ತಿಂದದ್ದು, ಹೊಲಿಗೆ ಹಾಕಿಸಿಕೊಂಡದ್ದು, ರಕ್ತ ಹೋದದ್ದು. ಕೇಳುತ್ತ ಕುಳಿತ ಹುಡುಗಿಗೆ ತಿಂಗಳು ತುಂಬುವ ಮೊದಲೇ ಜೀವ ಬಾಯಿಗೆ ಬಂದಿರುತ್ತದೆ. ಈ ಭಯ ಕಳೆಯುತ್ತೇವೆಂದು ಬೆಂಗಳೂರಿನಲ್ಲಿ 'ಹಿಪ್ನೋಬರ್ತಿಂಗ್' ತರಗತಿಗಳು ನಡೆಯುತ್ತವೆ. ರಾಮನಗರ, ಚನ್ನಪಟ್ಟಣದವರು ರೈಲಿನಲ್ಲಿ ಹೋಗಿಬರಬಹುದು, ಮೊಬೈಲಿನಲ್ಲೂ ಕಲಿಸುತ್ತಾರೆ. ಸೇರಬೇಕೆ?

ಮೊದಲು, ಹೆಸರಿಗೆ ಹೆದರಬೇಡಿ. ಇದು ವಶೀಕರಣವಲ್ಲ. ಭಯದಿಂದ ಮೈ ಬಿಗಿಯುತ್ತದೆ, ಮೈ ಬಿಗಿದಷ್ಟೂ ನೋವು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಬರೆದಿದ್ದರು. ಈ ತರಗತಿಗಳ ಬೇರು ಅಲ್ಲಿದೆ. ಸಾಮಾನ್ಯವಾಗಿ ಐದಾರು ತಿಂಗಳ ನಂತರ ಶುರುವಾಗುತ್ತವೆ. ನಿಧಾನವಾಗಿ ಉಸಿರು ಎಳೆದು, ಇನ್ನೂ ನಿಧಾನವಾಗಿ ಬಿಡುವುದು. ದವಡೆ, ಭುಜ, ಸೊಂಟವನ್ನು ಒಂದೊಂದಾಗಿ ಸಡಿಲಿಸುವುದು. ಕಣ್ಣು ಮುಚ್ಚಿ ಸಮಾಧಾನದ ಮಾತು ಕೇಳುವುದು. ಹೆರಿಗೆ ಹಂತ ಹಂತವಾಗಿ ಹೇಗೆ ಸಾಗುತ್ತದೆಂದು ತಿಳಿಯುವುದು. ನಿಮಗೆ ಪೂರ್ತಿ ಎಚ್ಚರವಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಹೇಳಿಕೊಳ್ಳುವ ಮಾತು ಇಂಥದ್ದೇ ಆಗಬೇಕೆಂದಿಲ್ಲ; ನೀವು ದಿನವೂ ಮಾಡುವ ದಿಕ್ರ್ ಸಾಕು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ.

ನೋವೇ ಇಲ್ಲದ ಹೆರಿಗೆ, ಸಿಸೇರಿಯನ್ ಇಲ್ಲದ ಹೆರಿಗೆ ಖಂಡಿತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಮಾರು 3,000 ಮಹಿಳೆಯರ ಮೇಲೆ ನಡೆದ ಒಂಬತ್ತು ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2016ರಲ್ಲಿ ಒಟ್ಟಾಗಿ ಪರಿಶೀಲಿಸಿತು. ನೋವಿನ ಔಷಧಿಯ ಬಳಕೆ ತುಸು ಕಡಿಮೆಯಾಗಬಹುದು, ಆದರೆ ಸಹಜ ಹೆರಿಗೆ ಹೆಚ್ಚುತ್ತದೆ ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಮರುವರ್ಷ ಅದೇ ಸಂಸ್ಥೆ 15,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ನೋಡಿ ಹೇಳಿದ್ದು ಬೇರೆ: ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದು ಧೈರ್ಯ ಹೇಳಿದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚು, ನೋವಿನ ಅವಧಿಯೂ ಕಡಿಮೆ.

ಹಾಗಾಗಿ ರೇಷ್ಮೆ ರೀಲಿಂಗ್ ಘಟಕದಲ್ಲೋ ಗೊಂಬೆ ಕಾರ್ಖಾನೆಯಲ್ಲೋ ದುಡಿಯುವ ಮನೆಯವರು ಈ ತರಗತಿಗಾಗಿ ಸಾಲ ಮಾಡುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾರ್ತಿ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ನೀಡಿದೆ. ಆಕೆ ಸ್ವತಃ ಹೆತ್ತವಳಾಗಿದ್ದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದಲ್ಲ, ತಾಯಿ ಕಾರ್ಡ್ ಹಿಡಿದು ಹೋದಾಗ ಜೊತೆಗಾರ್ತಿಯನ್ನು ಒಳಗೆ ಬಿಡುತ್ತೀರಾ ಎಂದು ಕೇಳಿಬಿಡಿ. ಅಮ್ಮಿಯೋ ಅಕ್ಕನೋ, ಎಂಟನೇ ತಿಂಗಳಲ್ಲೇ ಯಾರೆಂದು ನಿರ್ಧರಿಸಿ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಇಬ್ಬರೂ ಕೂಡಿ ಉಸಿರಿನ ಅಭ್ಯಾಸ ಮಾಡಿ. ಅತ್ತೆಯಂದಿರೇ, ಆ ಹತ್ತು ನಿಮಿಷ ಸೊಸೆಯನ್ನು ಅಡುಗೆಮನೆಗೆ ಕರೆಯಬೇಡಿ.

ಒಂದು ಎಚ್ಚರ. ಉಸಿರಾಟ ಕಲಿತಿದ್ದೇವೆಂದು ಮನೆಯಲ್ಲೇ ಕಾಯಬೇಡಿ. ಕನಕಪುರ, ಮಾಗಡಿಯ ಒಳಹಳ್ಳಿಗಳವರು ಬೇಗನೆ ಹೊರಡಬೇಕು. ರಕ್ತ ಕಂಡರೆ, ನೀರು ಒಡೆದರೆ, ಮಗುವಿನ ಚಲನೆ ಕಡಿಮೆಯಾದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ತಕ್ಷಣ 108ಕ್ಕೆ ಕರೆ ಮಾಡಿ.