ಹಡಗು ಒಂದೇ, ರಹದಾರಿ ಹಲವು

ಕಾಫಿ ಕಣದಲ್ಲಿ ಒಣಗಿ ಚೀಲ ಸೇರಿ, ಕಾಳುಮೆಣಸಿನ ಕೊಯ್ಲೂ ಮುಗಿದು, ಮುಂಗಾರು ಘಟ್ಟವನ್ನೇರಿ ಬರುವುದಕ್ಕೆ ಮುನ್ನ ಬೆಳೆಗಾರನಿಗೆ ದೊರೆಯುವ ಅಲ್ಪ ವಿರಾಮದಲ್ಲಿ, ಹಿಂದೆ ಕಾಡುದಾರಿಯಿಳಿದು ಸುಬ್ರಹ್ಮಣ್ಯಕ್ಕೆ ಹೋಗಿಬರುವುದನ್ನೇ ದೊಡ್ಡ ಪ್ರಯಾಣವೆಂದು ಬಗೆದಿದ್ದ ಕೊಡಗಿನ ಗಾಳಿಬೀಡಿನಂಥ ಊರಿನಲ್ಲಿ ಈಗ ಸಮುದ್ರವಿಹಾರದ ಮಾತು ಕೇಳಿಬರುತ್ತಿದೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ವಿಹಾರವನ್ನು ಮಾರುವವರು ಹಡಗಿನ ಈಜುಕೊಳವನ್ನೂ ಭೋಜನಶಾಲೆಯನ್ನೂ ವರ್ಣಿಸುವುದರಲ್ಲಿ ತೋರುವ ಉತ್ಸಾಹದ ಶತಾಂಶವನ್ನಾದರೂ ಕಾಗದಪತ್ರಗಳ ವಿಷಯದಲ್ಲಿ ತೋರುವುದಿಲ್ಲ. ಯಾವ ಬಂದರಿಗೆ ಯಾವ ಬಗೆಯ ವೀಸಾ ಬೇಕೆಂಬುದನ್ನು, ಮುಂಗಡ ಹಣವನ್ನು ಮುಟ್ಟುವುದಕ್ಕೆ ಮೊದಲೇ, ಕನ್ನಡದಲ್ಲಿ, ಬರೆದು, ಸಹಿ ಹಾಕಿ ಕೊಡುವುದು ಮಾರುವವನ ಕರ್ತವ್ಯವಾಗಬೇಕೆಂಬುದೇ ನನ್ನ ವಾದ.

ಹಡಗು ಒಂದು, ಟಿಕೆಟ್ಟು ಒಂದು, ಮಲಗುವ ಕೋಣೆಯೂ ಒಂದೇ ಆಗಿರುವುದರಿಂದ ಅನುಮತಿಯೂ ಒಂದೇ ಸಾಕೆಂದು ಪ್ರಯಾಣಿಕನು ಭಾವಿಸಿದರೆ ಅದು ಸಹಜವೇ ಸರಿ. ಗ್ರೀಸಿನ ಪಿರೇಯಸ್‌ನಲ್ಲಿ ಹತ್ತಿ, ತುರ್ಕಿಯ ಕುಶಾದಸಿಯಲ್ಲಿ ಒಂದು ಹಗಲು ತಂಗಿ, ಮತ್ತೆ ಗ್ರೀಸಿಗೇ ಮರಳುವ ಯಾತ್ರೆಯನ್ನು ನೋಡಿರಿ: ತುರ್ಕಿಯು ಷೆಂಗೆನ್ ಒಕ್ಕೂಟಕ್ಕೆ ಸೇರಿದ್ದಲ್ಲವಾದ್ದರಿಂದ, ಒಂದೇ ಪ್ರವೇಶದ ಷೆಂಗೆನ್ ವೀಸಾ ಹಿಡಿದವನ ಹಕ್ಕು ಆ ಗಡಿ ದಾಟಿದೊಡನೆ ತೀರಿಹೋಗುತ್ತದೆ, ಹಿಂದಿರುಗುವಾಗ ಅವನ ಬಳಿ ಇರುವುದು ಮುದ್ರೆಯೊತ್ತಿದ ನಿರುಪಯುಕ್ತ ಹಾಳೆ. ಬಹುಪ್ರವೇಶದ ವೀಸಾವನ್ನೇ ಕೇಳಬೇಕು, ತುರ್ಕಿಯ ನಿಯಮವನ್ನು ಬೇರೆಯಾಗಿಯೇ ಪಾಲಿಸಬೇಕು. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್‌ಗಳನ್ನು ಸುತ್ತಿ ಸಿಂಗಾಪುರಕ್ಕೇ ಬಂದಿಳಿಯುವವನಿಗೂ ಆ ಕೊನೆಯ ಇಳಿತ ಎರಡನೆಯ ಪ್ರವೇಶವೇ. ನಾನು ಹಡಗಿನಿಂದ ಇಳಿಯುವುದೇ ಇಲ್ಲ ಎಂದರೂ ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ. ಅವರ ಕಾಠಿಣ್ಯಕ್ಕೆ ಕಾರಣವಿದೆ: ಸೂಕ್ತ ಪತ್ರಗಳಿಲ್ಲದ ಪ್ರಯಾಣಿಕನನ್ನು ಕರೆತಂದ ಹಡಗಿಗೆ ಅನೇಕ ದೇಶಗಳು ದಂಡ ವಿಧಿಸುತ್ತವೆ. ಆದಕಾರಣ ವಲಸೆ ಅಧಿಕಾರಿಯನ್ನು ಕಾಣುವ ಮೊದಲೇ ಕಂಪನಿಯ ಗುಮಾಸ್ತನೇ ಪುಟ ತಿರುವಿ, ಅವಧಿ ಎಣಿಸಿ, ಬಾಗಿಲು ಮುಚ್ಚುತ್ತಾನೆ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳ ಪಾಡು ಇನ್ನೂ ಸೂಕ್ಷ್ಮವಾದದ್ದು. ಅಲ್ಲಿನ ನಾಗರಿಕನು ಸ್ವದೇಶದ ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಕೆರಿಬಿಯನ್ ವಿಹಾರಕ್ಕೆ ಜನನಪತ್ರವನ್ನೂ ಗುರುತಿನ ಚೀಟಿಯನ್ನೂ ಹಿಡಿದು ಹೋಗಿಬರಬಹುದು. ಎಚ್-1ಬಿ ಮೇಲೆ ದುಡಿಯುತ್ತ, ವೀಸಾ ಮುದ್ರೆಯ ಅವಧಿ ಮೀರಿದ ಕನ್ನಡಿಗನಿಗೆ, ಅಲ್ಲಿರುವ ಅನುಮತಿ ಊರ್ಜಿತವಾಗಿದ್ದರೆ, ಮೂವತ್ತು ದಿನದೊಳಗಾಗಿ ಮೆಕ್ಸಿಕೋಕ್ಕೋ ಕೆನಡಾಕ್ಕೋ ಮಾತ್ರ ಹೋಗಿ ಹಿಂತಿರುಗಲು ಅವಕಾಶವಿದೆ; ಅವನೇ ಬಹಾಮಾಸ್‌ಗೆ ಹೋದನೋ, ಅವಕಾಶವಿಲ್ಲ. ವಿದ್ಯಾರ್ಥಿಯಾಗಿರುವ ತಮ್ಮನಿಗಾದರೆ ಬಹಾಮಾಸೂ ಆಗುತ್ತದೆ! ಈ ಭೇದದ ಯುಕ್ತಿ ಯಾವುದೆಂದು ನಾನು ಯೋಚಿಸುವುದನ್ನು ಬಿಟ್ಟಿದ್ದೇನೆ.

ಕೊಡಗಿನವರಿಗೆ ಹೆಸರಿನದೊಂದು ತೊಡಕು ಪ್ರತ್ಯೇಕವಾಗಿಯೇ ಇದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಮೊದಲು ಮನೆತನ, ಬಳಿಕ ತಂದೆ, ಕಡೆಗೆ ತಾನು. ಪಾಸ್‌ಪೋರ್ಟಿನ ನಮೂನೆಯಾದರೋ ಕುಲನಾಮ, ನಿಜನಾಮ ಎಂಬ ಎರಡೇ ಅಂಕಣಗಳನ್ನು ಬಲ್ಲುದು. ಒಂದೇ ಮನೆಯಲ್ಲಿ ಅಣ್ಣನ ಕುಲನಾಮದ ಅಂಕಣದಲ್ಲಿ ಮನೆಹೆಸರು, ತಂಗಿಯದರಲ್ಲಿ ತಂದೆಯ ಹೆಸರು, ಅವ್ವನದರಲ್ಲಿ ಏನೂ ಇಲ್ಲ. ಕುಲನಾಮವೋ ನಿಜನಾಮವೋ ಬರಿದಾಗಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಪ್ರಕಟಿಸಿದಾಗ, ದುಬೈಯಿಂದ ಹಡಗು ಹತ್ತಬೇಕೆಂದಿದ್ದ ಇಂಥ ಅವ್ವಂದಿರಿಗೆ ಅದು ದೊಡ್ಡ ಆತಂಕವಾಯಿತು. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಅಕ್ಷರಗಳನ್ನೇ ಅನುಸರಿಸಬೇಕೆಂಬುದನ್ನು ಮಾರುವವನು ಹೇಳದಿದ್ದರೆ ಮತ್ತಾರು ಹೇಳಬೇಕು?

ಮುಂಬಯಿಯಿಂದಲೋ ಕೊಚ್ಚಿಯಿಂದಲೋ ಲಕ್ಷದ್ವೀಪಕ್ಕೆ ಹೋಗುವ ಸ್ವದೇಶೀ ಯಾತ್ರೆಗೆ ಪಾಸ್‌ಪೋರ್ಟು ಬೇಡ. ಆದರೆ 1967ರ ನಿಯಮಾವಳಿಯ ಪ್ರಕಾರ ಪ್ರವೇಶಪತ್ರ ಬೇಕು. ಸ್ವದೇಶದ ದ್ವೀಪಕ್ಕೂ ಅಪ್ಪಣೆಯೇ ಎಂದು ಹುಬ್ಬೇರಿಸುವವರು ಅಲ್ಲಿನ ಮೂಲನಿವಾಸಿಗಳ ರಕ್ಷಣೆ ಅದರ ಉದ್ದೇಶವೆಂಬುದನ್ನು ನೆನೆಯಬೇಕು. ಇತ್ತ ನಮ್ಮ ಪಣಂಬೂರಿನ ನವಮಂಗಳೂರು ಬಂದರೋ, ಇ-ವೀಸಾ ಹಿಡಿದ ವಿದೇಶೀಯರನ್ನು ಬರಮಾಡಿಕೊಳ್ಳುವ ಬಂದರುಗಳಲ್ಲೊಂದು. ಬೆಳಗ್ಗೆ ಇಳಿದವರು ಕದ್ರಿಯನ್ನೂ ಮೂಡುಬಿದಿರೆಯ ಬಸದಿಯನ್ನೂ ನೋಡಿ ಸಂಜೆಗೆ ಹಡಗೇರುತ್ತಾರೆ.

ಸಮುದ್ರಯಾನಕ್ಕೆ ಅಪ್ಪಣೆ ಬೇಕೆಂಬುದು ಹೊಸ ಮಾತಲ್ಲ. ಕೊಡಗಿನ ಕಡೆಯ ಅರಸ ಚಿಕ್ಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾಗಿ ಕಾಶಿಯಲ್ಲಿ ಬಹುಕಾಲ ಕಳೆದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ನೌಕೆಯೇರಿದ್ದು ಕಂಪನಿ ಸರ್ಕಾರದ ಅಪ್ಪಣೆ ಪಡೆದ ಮೇಲೆ. ಸ್ವತಂತ್ರ ಭಾರತದಲ್ಲಿಯೂ ಪಾಸ್‌ಪೋರ್ಟು ಸರ್ಕಾರದ ಅನುಗ್ರಹವೆಂಬ ಭಾವನೆ ಉಳಿದಿತ್ತು; 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿದೇಶಪ್ರಯಾಣವು ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತ ತರುವಾಯ, ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಸರ್ಕಾರದೆದುರು ಇಷ್ಟು ಕಷ್ಟದಿಂದ ಸ್ಥಾಪಿತವಾದ ಹಕ್ಕು, ಹಡಗು ಕಂಪನಿಯ ಷರತ್ತುಗಳ ಸಣ್ಣಕ್ಷರದಲ್ಲಿ ಕಳೆದುಹೋಗುವುದು ವಿಷಾದಕರ. ಏಕೆಂದರೆ ಪತ್ರಗಳ ಹೊಣೆ ಸಂಪೂರ್ಣವಾಗಿ ಪ್ರಯಾಣಿಕನದು, ಹತ್ತಿಸದಿದ್ದರೆ ಹಣ ಮರಳದು ಎಂದೇ ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ.

ಷರತ್ತು ಓದದೆ ಸಹಿ ಹಾಕಿದವನದೇ ತಪ್ಪೆನ್ನುವವರಿದ್ದಾರೆ. ಪ್ರಯಾಣಿಕನಿಗೆ ಹೊಣೆಯಿಲ್ಲವೆಂದು ನಾನೂ ಹೇಳೆನು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿದೆಯೇ ಎಂದು ನೋಡಿಕೊಳ್ಳುವುದು, ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಂದ ಹದಿನೈದು ದಿನಗಳ ನಡುವೆ ಸಲ್ಲಿಸುವುದು ಅವನ ಕೆಲಸವೇ. ಆದರೆ ಮಾರ್ಗವನ್ನು ರಚಿಸಿದವನು ಕಂಪನಿಯವನು, ಅದನ್ನು ಬಲ್ಲೆನೆಂದು ದಲಾಲಿ ಪಡೆಯುವವನು ಮಧ್ಯವರ್ತಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಳ್ಳುವವನಿಗೆ ಮಾಹಿತಿಯ ಹಕ್ಕನ್ನಿತ್ತಿದೆ. ಮಾತ್ರವಲ್ಲ, ದೂರನ್ನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶ ಕಲ್ಪಿಸಿದೆ. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಗಾಳಿಬೀಡಿನವನು ಮಡಿಕೇರಿಯ ಜಿಲ್ಲಾ ಆಯೋಗದ ಮೆಟ್ಟಿಲನ್ನೇ ಹತ್ತಬಹುದು. ಹತ್ತುವಾಗ ಕೈಯಲ್ಲಿ ಮೊದಲು ಹೇಳಿದಂಥ, ಸಹಿ ಹಾಕಿದ ವೀಸಾ ಪಟ್ಟಿಯೊಂದಿದ್ದರೆ, ಅಥವಾ ಕೇಳಿದರೂ ಅದನ್ನು ಕೊಡಲಿಲ್ಲವೆಂಬುದಕ್ಕೆ ಒಂದು ಪತ್ರವಾದರೂ ಇದ್ದರೆ, ವಾದಿಸುವುದು ಸುಲಭವಾಗುತ್ತದೆ.